ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್: ಹಲವು ವರ್ಷ ಬಳಸಿದ ಮೇಲೆ

ವಿಂಡೋಸ್ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಬದಲಿಸಿದವರ, ಇಲ್ಲವೇ ಹೊಸ ಡ್ರೈವರ್ (ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಹಾಕಲು ಹೋಗಿ ಇನ್‌ಸ್ಟಾಲರ್ ಅರ್ಧಕ್ಕೇ ನಿಂತದ್ದನ್ನು ಕಂಡವರ ಕಿವಿಗೆ ಡಿಡಿಯು ಎಂಬ ಹೆಸರು ಬಿದ್ದೇ ಇರುತ್ತದೆ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬುದು ಅದರ ಪೂರ್ಣ ಹೆಸರು. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಈ ಮೂರರ ಡ್ರೈವರ್‌ಗಳನ್ನೂ ಬೇರುಸಹಿತ ಕಿತ್ತುಹಾಕುವ ಉಚಿತ ತಂತ್ರಾಂಶವಿದು. ವಿಂಡೋಸ್ 7ರ ಕಾಲದಿಂದ ವಿಂಡೋಸ್ 11ರವರೆಗೆ ನನ್ನ ಹಾಗೂ ಪರಿಚಿತರ ಡೆಸ್ಕ್‌ಟಾಪ್‌ಗಳಲ್ಲಿ ಬಳಸುತ್ತ ಬಂದಿದ್ದೇನೆ. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ; ಆದರೆ ಜನ ಇದನ್ನು ಓಡಿಸುವಷ್ಟು ಸಲ ಓಡಿಸುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಡ್ರೈವರ್ ಸಂಘರ್ಷ ಹುಟ್ಟುವುದೇ ತೆಗೆದೆವೆಂದುಕೊಂಡದ್ದು ಒಳಗೇ ಉಳಿದಾಗ. ವಿಂಡೋಸ್ ತಾನು ಸ್ವೀಕರಿಸಿದ ಪ್ರತಿಯೊಂದು ಡ್ರೈವರ್ ಪ್ಯಾಕೇಜಿನ ಪ್ರತಿಯನ್ನು ಡ್ರೈವರ್ ಸ್ಟೋರ್ ಎಂಬ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತುವಾಗ ಡ್ರೈವರ್ ತಂತ್ರಾಂಶವನ್ನೂ ಅಳಿಸು ಎಂಬ ಚೌಕಕ್ಕೆ ಟಿಕ್ ಹಾಕದಿದ್ದರೆ ಆ ಪ್ರತಿ ಹಾಗೆಯೇ ಉಳಿದು, ಮುಂದಿನ ರೀಸ್ಟಾರ್ಟ್‌ನಲ್ಲಿ ಅದೇ ಡ್ರೈವರ್ ಮತ್ತೆ ಬಂದು ಕೂರುತ್ತದೆ. ಒಂದೇ ಸಾಧನಕ್ಕೆ ಹಲವು ಡ್ರೈವರ್‌ಗಳು ಸಿಕ್ಕಾಗ ಡ್ರೈವರ್‌ನ ಡಿಜಿಟಲ್ ಸಹಿ ಸರಿಯಿದೆಯೇ, ಸಾಧನದ ಗುರುತಾದ ಹಾರ್ಡ್‌ವೇರ್ ಐಡಿ ಎಷ್ಟು ನಿಖರವಾಗಿ ಹೊಂದುತ್ತದೆ ಎಂಬುದನ್ನು ನೋಡಿ ವಿಂಡೋಸ್ ಶ್ರೇಣಿ ಕಟ್ಟುತ್ತದೆ. ಶ್ರೇಣಿ ಸಮನಾದರೆ ಮೊದಲು ದಿನಾಂಕ, ಆಮೇಲೆ ಆವೃತ್ತಿಯ ಸಂಖ್ಯೆ. ವಿಂಡೋಸ್ ಜೊತೆಯಲ್ಲೇ ಬರುವ ಮೈಕ್ರೋಸಾಫ್ಟ್‌ನ ಡ್ರೈವರ್‌ಗಳ ಮೇಲೆ ಇಂದಿಗೂ 2006ರ ಜೂನ್ 21 ಎಂದು ಕಾಣುವುದರ ಗುಟ್ಟೂ ಇದೇ: ಕಾರ್ಡ್ ತಯಾರಿಸಿದವರ ಡ್ರೈವರ್ ಎದುರು ತಮ್ಮದು ಗೆಲ್ಲಬಾರದೆಂದು ಬೇಕೆಂದೇ ಹಳೆಯ ದಿನಾಂಕ ಹಾಕಿದ್ದಾರೆ. ಅದನ್ನು ನೋಡಿ ಡ್ರೈವರ್ ಓಬೀರಾಯನ ಕಾಲದ್ದೆಂದು ಗಾಬರಿಯಾಗಿ ಅಪ್‌ಡೇಟ್ ಹುಡುಕುವವರು ಈಗಲೂ ಇದ್ದಾರೆ.

ಪರಿಚಿತರೊಬ್ಬರ ಡಿಟಿಪಿ ಯಂತ್ರದಲ್ಲಿ ಎಎಂಡಿ ಕಾರ್ಡ್ ತೆಗೆದು ಎನ್‌ವಿಡಿಯಾ ಕಾರ್ಡ್ ಹಾಕಿದಾಗ ಪರದೆ 1024×768ಕ್ಕೆ ಇಳಿದು, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನದೊಂದಿಗೆ ಕೋಡ್ 43 (ಸಾಧನ ತೊಂದರೆ ವರದಿ ಮಾಡಿದ್ದರಿಂದ ಅದನ್ನು ನಿಲ್ಲಿಸಿದೆ ಎಂಬ ವಿಂಡೋಸ್ ಸೂಚನೆ) ಕಾಣಿಸಿಕೊಂಡಿತ್ತು. ಇಂಥಲ್ಲಿ ನಾನು ಪಾಲಿಸುವ ಕ್ರಮ ಸರಳ. ಹೊಸ ಡ್ರೈವರ್ ಅನ್ನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಂಡು, ತೊಂದರೆಯಾದರೆ ಹಿಂದಿನ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಮಾಡಿ, ನೆಟ್‌ವರ್ಕ್ ಕೇಬಲ್ ಕಿತ್ತು, ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು ಅಗತ್ಯವಾದಷ್ಟೇ ಡ್ರೈವರ್‌ಗಳೊಂದಿಗೆ ವಿಂಡೋಸ್ ತೆರೆಯುವ ಸೇಫ್ ಮೋಡ್‌ಗೆ ಹೋಗುತ್ತೇನೆ. ಡಿಡಿಯುವಿನಲ್ಲಿ ಸಾಧನದ ಬಗೆಯನ್ನೂ ಕಂಪನಿಯ ಹೆಸರನ್ನೂ ಆರಿಸಿ, ಸ್ವಚ್ಛಗೊಳಿಸಿ ರೀಸ್ಟಾರ್ಟ್ ಮಾಡುವ ಗುಂಡಿ ಒತ್ತಿದರೆ ಏನೇನು ಅಳಿಯಿತೆಂಬ ಸಾಲುಗಳು ಒಂದರ ಹಿಂದೊಂದು ಬೀಳುತ್ತವೆ. ಆ ಯಂತ್ರದಲ್ಲಿ ಎರಡೂ ಕಂಪನಿಗಳ ಹೆಸರಿನಲ್ಲಿ ಒಂದೊಂದು ಸಲ ಓಡಿಸಿ ಹೊಸ ಡ್ರೈವರ್ ಹಾಕಿದ ಮೇಲೆ ಕಾರ್ಡ್ ಸರಿಯಾಗಿ ಕೆಲಸ ಮಾಡಿತು. ಹೀಗೆ ಮಾಡಿದ ಮೇಲೂ 43 ಮರಳಿದರೆ ದೋಷ ಕಾರ್ಡಿನಲ್ಲೋ ಅದಕ್ಕೆ ಬರುವ ವಿದ್ಯುತ್ತಿನಲ್ಲೋ ಇರಬಹುದು; ಮತ್ತೆ ಮತ್ತೆ ಡ್ರೈವರ್ ಬದಲಿಸುತ್ತ ಕೂರುವುದು ವ್ಯರ್ಥ.

ಈ ಕ್ರಮದಲ್ಲಿ ಜನ ಹಗುರವಾಗಿ ಕಾಣುವುದು ಕೇಬಲ್ ಕೀಳುವುದನ್ನು. ಸಂಪರ್ಕ ಇದ್ದರೆ, ರೀಸ್ಟಾರ್ಟ್ ಆದ ಕೂಡಲೇ ಕಾರ್ಡಿಗೆ ಡ್ರೈವರ್ ಇಲ್ಲವೆಂದು ಗಮನಿಸುವ ವಿಂಡೋಸ್ ಅಪ್‌ಡೇಟ್ ತನ್ನಲ್ಲಿರುವುದನ್ನು ಇಳಿಸಲು ತೊಡಗುತ್ತದೆ. ಅದೇ ಹೊತ್ತಿಗೆ ನಾವೂ ಇನ್‌ಸ್ಟಾಲರ್ ತೆರೆದರೆ ಎರಡೂ ಒಂದೇ ಸಾಧನಕ್ಕೆ ಕೈಹಾಕುತ್ತವೆ. ಇದನ್ನು ತಡೆಯುವ ಆಯ್ಕೆ ಡಿಡಿಯುವಿನ ಸೆಟ್ಟಿಂಗ್ಸ್‌ನಲ್ಲೂ ಇದೆ, ಆದರೂ ಕೇಬಲ್ ಕೀಳುವುದೇ ಖಚಿತ.

ಕೊರತೆಗಳೂ ಇವೆ. ಮೊದಲ ಸಲ ತೆರೆದವರಿಗೆ ಸೆಟ್ಟಿಂಗ್ಸ್ ಪುಟದ ಚೌಕಗಳಲ್ಲಿ ಯಾವುದನ್ನು ಮುಟ್ಟಬಾರದೆಂದು ತಿಳಿಯುವುದು ಕಷ್ಟ. ಇದ್ದಂತೆಯೇ ಬಿಡುವುದು ಕ್ಷೇಮ. ಬಣ್ಣ, ರೆಸಲ್ಯೂಷನ್ ಕುರಿತ ನಮ್ಮ ಹೊಂದಾಣಿಕೆಗಳು ಡ್ರೈವರ್ ಜೊತೆಗೇ ಹೋಗುತ್ತವೆ; ಮುದ್ರಣದ ಕೆಲಸದವರು ಮೊದಲೇ ಬರೆದಿಟ್ಟುಕೊಳ್ಳಬೇಕು. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಸೇಫ್ ಮೋಡ್‌ಗೆ ಹೋಗುವಾಗ ರಿಕವರಿ ಕೀ ಕೇಳಬಹುದು, ಅದು ಕೈಯಲ್ಲಿರಲಿ. ಪ್ರಿಂಟರ್, ವೈಫೈ ಡ್ರೈವರ್‌ಗಳ ಜಗಳಕ್ಕೆ ಈ ತಂತ್ರಾಂಶ ಅಲ್ಲವೇ ಅಲ್ಲ. ಅಲ್ಲಿ ವಿಂಡೋಸ್‌ನಲ್ಲೇ ಇರುವ ಪಿಎನ್‌ಪಿಯುಟಿಲ್ ಆಜ್ಞೆಯಿಂದ ಪಟ್ಟಿ ತೆಗೆದು, ಬೇಡದ ಪ್ಯಾಕೇಜನ್ನಷ್ಟೇ ಅಳಿಸಿದರೆ ಸಾಕಾಗುತ್ತದೆ.

ಸಾಮಾನ್ಯ ಅಪ್‌ಡೇಟ್‌ಗೆ ಹಳೆಯದರ ಮೇಲೆಯೇ ಹೊಸ ಡ್ರೈವರ್ ಹಾಕಿದರೆ ಸಾಲುತ್ತದೆ. ಪ್ರತಿ ಸಲವೂ ಬಳಸಬೇಡಿ ಎಂದು ಡಿಡಿಯು ಬರೆದವರೇ ಅದರ ಸೂಚನೆಗಳಲ್ಲಿ ಹೇಳಿದ್ದಾರೆ. ಕಾರ್ಡಿನ ಕಂಪನಿ ಬದಲಾದಾಗ, ಇಲ್ಲವೇ ಇನ್‌ಸ್ಟಾಲರ್ ಪದೇ ಪದೇ ವಿಫಲವಾದಾಗ ಮಾತ್ರ ನಾನು ಇದನ್ನು ತೆರೆಯುತ್ತೇನೆ. ಬೇಕಾದವರು ತಯಾರಕರಾದ ವ್ಯಾಗ್ನಾರ್ಡ್‌ಸಾಫ್ಟ್‌ನ ತಾಣದಿಂದಲೇ ಇಳಿಸಿಕೊಳ್ಳುವುದು ಒಳ್ಳೆಯದು.