ಫ್ರಂಟ್‌ಎಂಡ್ ಕೆಲಸಕ್ಕೆ ಮಾನಿಟರ್: 1440ಪಿ, 4ಕೆ, ಅಲ್ಟ್ರಾವೈಡ್

ಫ್ರಂಟ್‌ಎಂಡ್ ಎಂದರೆ ಬಳಕೆದಾರರ ಕಣ್ಣಿಗೆ ಕಾಣುವ ವೆಬ್‌ಪುಟ ಕಟ್ಟುವ ಕೆಲಸ. ಮೂರು ಬಗೆಯ ಮಾನಿಟರ್‌ಗಳಲ್ಲೂ ಕೋಡ್ ಬರೆದು ನೋಡಿದ ಮೇಲೆ ನನ್ನ ಮತ 27 ಇಂಚಿನ 2560×1440ಕ್ಕೇ (ಇದೇ 1440ಪಿ). ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರ, ಐಕಾನ್‌ಗಳನ್ನು ಹಿಗ್ಗಿಸುವ ಸೆಟ್ಟಿಂಗ್) 100%. ಅರ್ಧ ಪರದೆ ಎಡಿಟರ್‌ಗೆ, ಅರ್ಧ ಬ್ರೌಸರ್‌ಗೆ ಕೊಟ್ಟರೆ ಪುಟಕ್ಕೆ 1280 ಪಿಕ್ಸೆಲ್ ಅಗಲ ಸಿಗುತ್ತದೆ. ಡೆಸ್ಕ್‌ಟಾಪ್ ಲೇಔಟ್ ನೋಡಲು ಅಷ್ಟು ಸಾಕು.

27 ಇಂಚಿನ 4ಕೆಯಲ್ಲಿ (3840×2160) ಅಕ್ಷರ ನಿಜಕ್ಕೂ ಚೆಂದ. ಇಂಚಿಗೆ 163 ಪಿಕ್ಸೆಲ್. 1440ಪಿಯಲ್ಲಿ 109 ಮಾತ್ರ. ಆದರೆ 100%ನಲ್ಲಿ ಅಕ್ಷರ ಇರುವೆಯಷ್ಟಾಗುವುದರಿಂದ 150% ಇಡಲೇಬೇಕು. ಆಗ ಸಿಗುವ ಜಾಗ ಮತ್ತೆ ಅದೇ 2560×1440!

ತಲೆನೋವು ಶುರುವಾಗುವುದೂ ಇಲ್ಲೇ. ಡಿವೈಸ್ ಪಿಕ್ಸೆಲ್ ರೇಶಿಯೊ, ಅಂದರೆ ಕೋಡ್‌ನ ಒಂದು ಪಿಕ್ಸೆಲ್‌ಗೆ ಪರದೆಯ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ, 1.5 ಆಗುತ್ತದೆ. ಒಂದು ಪಿಕ್ಸೆಲ್ ಬಾರ್ಡರ್ ಎಂದು ಬರೆದರೆ ಲೆಕ್ಕಕ್ಕೆ ಬರುವುದು ಪರದೆಯ ಒಂದೂವರೆ ಪಿಕ್ಸೆಲ್. ಅರ್ಧ ಪಿಕ್ಸೆಲ್ ಎಳೆಯಲಾಗದ ಕ್ರೋಮ್ ಅದನ್ನು ಒಂದಕ್ಕೆ ಇಳಿಸುತ್ತದೆ. ಡೆವ್‌ಟೂಲ್ಸ್‌ನ (ಬ್ರೌಸರ್‌ನೊಳಗಿನ ಪರೀಕ್ಷಾ ಸಲಕರಣೆ) ಕಂಪ್ಯೂಟೆಡ್ ಪಟ್ಟಿಯಲ್ಲಿ ಸುಮಾರು 0.667 (1 ÷ 1.5) ಎಂದು ಕಾಣುತ್ತದೆ. ಒತ್ತೊತ್ತಾಗಿ ಕೂತ ಬಣ್ಣದ ಬಾಕ್ಸ್‌ಗಳ ನಡುವೆ ಕೂದಲೆಳೆಯಂಥ ಬಿರುಕು ಮೂಡಬಹುದು. ಸಿಎಸ್‌ಎಸ್‌ನಲ್ಲಿ (ಪುಟದ ರೂಪ ನಿರ್ಧರಿಸುವ ಕೋಡ್) ಇಲ್ಲದ ತಪ್ಪನ್ನು ಸಿಎಸ್‌ಎಸ್‌ನಲ್ಲೇ ಹುಡುಕುತ್ತ ಕೂರಬೇಕು. ಇಂಥದ್ದು ಕಂಡರೆ ಮೊದಲು ಬ್ರೌಸರ್ ಜೂಮ್ 67% ಮಾಡಿ: ರೇಶಿಯೊ 1ರ ಆಸುಪಾಸಿಗೆ ಬರುತ್ತದೆ. ಬಿರುಕು ಮಾಯವಾದರೆ ಅದು ಸ್ಕೇಲಿಂಗ್‌ನ ಕೂಸು.

ಚಿತ್ರಗಳದ್ದು ಇನ್ನೊಂದು ಕಥೆ. ಒಂದೇ ಚಿತ್ರದ ಬೇರೆ ಬೇರೆ ಗಾತ್ರದ ಫೈಲ್‌ಗಳನ್ನು ಪಟ್ಟಿ ಮಾಡುವ ಸೋರ್ಸ್‌ಸೆಟ್‌ನಲ್ಲಿ 1ಎಕ್ಸ್ (ಸಾಧಾರಣ), 2ಎಕ್ಸ್ (ದುಪ್ಪಟ್ಟು ಸಾಂದ್ರತೆ) ಎರಡೂ ಇದ್ದರೆ 1.5ರಲ್ಲಿ ಕ್ರೋಮ್ 2ಎಕ್ಸ್ ಅನ್ನೇ ಎತ್ತಿಕೊಳ್ಳುತ್ತದೆ. 1ಎಕ್ಸ್ ಫೈಲ್ ಮಸುಕಾಗಿದ್ದರೂ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಸಾಧಾರಣ ಪರದೆಯ ಬಳಕೆದಾರರಿಗೆ ಬೀಳುತ್ತದೆ. ಸ್ಕೇಲಿಂಗ್ 200% ಮಾಡಿದರೆ ಈ ಭಿನ್ನರಾಶಿಯ ಕಾಟವೆಲ್ಲ ತಪ್ಪುತ್ತದೆ, ಆದರೆ ಜಾಗ 1920×1080ಕ್ಕೆ ಇಳಿದು ಅರ್ಧ ಪರದೆಗೆ 960 ಉಳಿಯುತ್ತದೆ. ಹಳೆಯ ಎಚ್‌ಡಿಎಂಐ 1.4 ಪೋರ್ಟಾದರೆ 4ಕೆ 30 ಹರ್ಟ್ಸ್‌ಗೇ ನಿಲ್ಲುತ್ತದೆ. ಅನಿಮೇಷನ್ ಪರೀಕ್ಷೆಗೆ ಅದು ಬೇಡವೇ ಬೇಡ.

34 ಇಂಚಿನ ಅಲ್ಟ್ರಾವೈಡ್, ಅಂದರೆ ತುಂಬ ಅಗಲದ ಮಾನಿಟರ್, ಎಡಿಟರ್, ಪುಟ, ಡೆವ್‌ಟೂಲ್ಸ್ ಮೂರನ್ನೂ ಸಾಲಾಗಿ ಹಿಡಿಸುತ್ತದೆ. ಆದರೆ ವಿಡಿಯೊ ಕಾಲ್‌ನಲ್ಲಿ ಇಡೀ ಪರದೆ ಶೇರ್ ಮಾಡಿದರೆ ಎದುರಿನವರ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಓದಲಾಗದು.

ಮ್ಯಾಕ್ ಬಳಸುವವರಿಗೆ ಮಾತ್ರ ನನ್ನ ಸಲಹೆ ಉಲ್ಟಾ. 2018ರ ಮೊಹಾವೆಯಿಂದ ಮ್ಯಾಕ್‌ಓಎಸ್ ಸಬ್‌ಪಿಕ್ಸೆಲ್ ಆಂಟಿಅಲಿಯಾಸಿಂಗ್ (ಅಕ್ಷರದ ಅಂಚು ನಯಗೊಳಿಸುವ ತಂತ್ರ) ಕೈಬಿಟ್ಟಿದ್ದರಿಂದ 1440ಪಿಯಲ್ಲಿ ಅಕ್ಷರದ ಅಂಚು ಒರಟು. ಅವರು 4ಕೆಯನ್ನೇ ಕೊಳ್ಳಲಿ. ಉಳಿದವರು 1440ಪಿ ಕೊಂಡು, ಮಿಕ್ಕ ದುಡ್ಡಿನಲ್ಲಿ ಸಾಧಾರಣ ಆಂಡ್ರಾಯ್ಡ್ ಫೋನೊಂದನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳಿ. ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಸಿಕ್ಕಿಸಿದರೆ ಹೆಚ್ಚಿನ ರೇಶಿಯೊದ ಚಿತ್ರ, ಬಾರ್ಡರ್, ಟಚ್ ಎಲ್ಲವನ್ನೂ ಕ್ರೋಮ್‌ನ ಡೆವ್‌ಟೂಲ್ಸ್‌ನಿಂದಲೇ ನೋಡಬಹುದು.