ರಾಜ್ಯ ಬದಲಿಸುವ ವಕೀಲರಿಗೆ ಹೆಸರು ವರ್ಗಾವಣೆ: ಸೇವೆ ಹೇಗಿದೆ?

ಪುಣೆಯ ವಕೀಲರು ಬೆಂಗಳೂರಿಗೆ ಬಂದು ನೆಲೆಸಿದರೆ ಇಲ್ಲಿ ಹೊಸದಾಗಿ ಎನ್‌ರೋಲ್ ಆಗುವಂತಿಲ್ಲ. ಒಂದಕ್ಕಿಂತ ಹೆಚ್ಚು ರಾಜ್ಯಗಳ ವಕೀಲರ ಪಟ್ಟಿಯಲ್ಲಿ ಹೆಸರಿರುವುದನ್ನು 1961ರ ವಕೀಲರ ಕಾಯ್ದೆಯ 17ನೇ ಕಲಂ ಒಪ್ಪದು. ದಾರಿ ಇರುವುದು 18ನೇ ಕಲಮಿನಲ್ಲಿ: ನಿಗದಿತ ನಮೂನೆಯಲ್ಲಿ ಭಾರತೀಯ ವಕೀಲರ ಪರಿಷತ್ತಿಗೆ (ಬಾರ್ ಕೌನ್ಸಿಲ್ ಆಫ್ ಇಂಡಿಯಾ) ವರ್ಗಾವಣೆ ಅರ್ಜಿ.

ಇದರ ದೊಡ್ಡ ಗುಣವೆಂದರೆ ಸೀನಿಯಾರಿಟಿ ಹಾಗೇ ಉಳಿಯುತ್ತದೆ. ಕಾಯ್ದೆಯ ಪ್ರಕಾರ ವರ್ಗಾವಣೆಗೆ ಶುಲ್ಕವೂ ಇಲ್ಲ. ಕೌಂಟರಿನಲ್ಲಿ ಹಣ ಕೇಳಿದರೆ ಯಾವ ನಿಯಮದಡಿ ಎಂದು ವಿಚಾರಿಸಿ, ರಸೀದಿ ಪಡೆಯಿರಿ. ಶಿಸ್ತು ಪ್ರಕರಣ ಬಾಕಿಯಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಸನ್ನದಿನಲ್ಲಿ (ವಕೀಲರ ನೋಂದಣಿ ಪತ್ರ) ‘ಎಸ್. ಆರ್. ಪಾಟೀಲ’, ಆಧಾರ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಮೊದಲೇ ಸರಿಪಡಿಸಿಕೊಳ್ಳಿ.

ಆದರೆ ವರ್ಗಾವಣೆ ನಿಜಕ್ಕೂ ಬೇಕೇ? 2011ರಲ್ಲಿ ಜಾರಿಗೆ ಬಂದ 30ನೇ ಕಲಂ ದೇಶದ ಎಲ್ಲ ನ್ಯಾಯಾಲಯಗಳಲ್ಲೂ ವಾದಿಸುವ ಹಕ್ಕು ಕೊಟ್ಟಿದೆ. ಒಂದೆರಡು ಕೇಸಿಗಷ್ಟೇ ಹೋಗುವವರಿಗೆ ಅದೇ ಸಾಕು. ಹೈಕೋರ್ಟ್ ನಿಯಮ ಮಾತ್ರ ನೋಡಿಕೊಳ್ಳಿ: ಅಲಹಾಬಾದಿನಲ್ಲಿ ಹೊರರಾಜ್ಯದವರು ಸ್ಥಳೀಯ ವಕೀಲರ ಜೊತೆಗೂಡಿಯೇ ವಕಾಲತ್ತು ಹಾಕಬೇಕು. ಆ ನಿಯಮವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿದಿದೆ. ಕಾಯಂ ಆಗಿ ಊರು ಬಿಡುವವರಿಗೆ ವರ್ಗಾವಣೆಯೇ ಮೇಲು.