ನಾನ್ನಜ್ ಅಭಯಾರಣ್ಯದಲ್ಲಿ ಒಂದು ಬೆಳಗು

ಸೊಲ್ಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿ, ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂಬ ಹುಲ್ಲುಗಾವಲಿನ ದೊಡ್ಡ ಹಕ್ಕಿಗಾಗಿ ಇರುವ ನಾನ್ನಜ್ ಅಭಯಾರಣ್ಯಕ್ಕೆ ಅಕ್ಕಲಕೋಟೆಯಿಂದ ನಸುಕಿನಲ್ಲೇ ಹೊರಟಿದ್ದೆವು. ಬಾಡಿಗೆ ಜೀಪು ಮುಕ್ಕಾಲು ಗಂಟೆ ತಡವಾಗಿ ಬಂದು ಹಕ್ಕಿ ನೋಡುವ ಒಳ್ಳೆಯ ಹೊತ್ತನ್ನೇ ಹಾಳುಮಾಡಿತು. ಅದನ್ನು ಯಾರಿಗೂ ಶಿಫಾರಸು ಮಾಡಲಾರೆ.

ಆದರೆ ನಮ್ಮೊಡನೆ ನಡೆದ ಹಿರಿಯ ವನರಕ್ಷಕರ ಮಾರ್ಗದರ್ಶನಕ್ಕೆ ಪೂರ್ಣ ಅಂಕ ಕೊಡಲೇಬೇಕು. ನಾವು ಎರೆಭೂತ ಎನ್ನುವ ಹಕ್ಕಿಯನ್ನು ಅವರು ಮಾಳಢೋಕ ಎನ್ನುತ್ತ, ಮರಾಠಿ ಬೆರೆತ ಗಡಿನಾಡ ಕನ್ನಡದಲ್ಲಿ ತಮ್ಮ ಸೇವಾವಧಿಯನ್ನೇ ಬಿಚ್ಚಿಟ್ಟರು: ಬೇಸಿಗೆಗೆ ಮುನ್ನ ಬೆಂಕಿ ಹರಡದಂತೆ ಹುಲ್ಲು ತೆಗೆದು ಬೆಂಕಿರೇಖೆ ಕಡಿಯುವುದು, ನೀರಿನ ತೊಟ್ಟಿ ತುಂಬಿಸುವುದು, ಬರಿನೆಲದ ಮೇಲಿಟ್ಟ ಒಂದೇ ಒಂದು ಮೊಟ್ಟೆಯನ್ನು ದನಕರುಗಳ ಕಾಲಿನಿಂದ ಕಾಯುವುದು. 15 ಕಿಲೋವರೆಗೆ ತೂಗುವ ಈ ಹಕ್ಕಿಗೆ ನೇರ ಮುಂದಿನ ನೋಟ ಮಂದ. ಆದ್ದರಿಂದ ವಿದ್ಯುತ್ ತಂತಿಯನ್ನು ಕಂಡರೂ ತಪ್ಪಿಸಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

1979ರಲ್ಲಿ ಘೋಷಣೆಯಾದಾಗ 8,000 ಚದರ ಕಿ.ಮೀ.ಗೂ ಮಿಕ್ಕಿದ್ದ ಅಭಯಾರಣ್ಯವು, ಊರು ಹೊಲಗಳೆಲ್ಲ ಎಲ್ಲೆಯೊಳಗೆ ಸಿಲುಕಿದ್ದರಿಂದ, ಮುಂದೆ ಸುಮಾರು 1,200ಕ್ಕೆ ಇಳಿಯಿತು. ಇಂದು ಎರೆಭೂತಗಳ ಕೊನೆಯ ದೊಡ್ಡ ನೆಲೆ ಜೈಸಲ್ಮೇರಿನ ಥಾರ್ ಮರುಭೂಮಿ. ಅಲ್ಲಿ 2019ರಿಂದ ಮೊಟ್ಟೆಗಳನ್ನು ಸಂಗ್ರಹಿಸಿ ಮರಿಮಾಡಿಸುವ ಕೆಲಸವೂ ನಡೆದಿದೆ. ಅಲ್ಲಿನ ಕಾವಲುಗಾರರ ಬಿಸಿಲನ್ನು ನೆನೆದರೆ ನಮ್ಮ ಸೊಲ್ಲಾಪುರದ್ದು ತಂಪೇ ಎಂದು ನಮ್ಮ ವನರಕ್ಷಕರು ನಕ್ಕರು (ಮೇ ತಿಂಗಳಲ್ಲಿ ಈ ಮಾತನ್ನು ಒಪ್ಪುವುದು ಕಷ್ಟ).

ಎರೆಭೂತ ನಮಗೆ ಕಾಣಲಿಲ್ಲ. ಕೃಷ್ಣಮೃಗಗಳ ಹಿಂಡು ಮಾತ್ರ ಒಣಹುಲ್ಲಿನ ನಡುವೆ ಸಾಕಷ್ಟು ಹೊತ್ತು ನಿಂತಿತ್ತು. ಹೋಗುವವರು ದುರ್ಬೀನು, ಟೋಪಿ ಮತ್ತು ನೀರು ಒಯ್ಯಬೇಕು.